ಮಾವನ ಕುರಿಯೂ ನನ್ನ ಛತ್ರಿಯೂ

“ಇನ್ನು ಮುಂದೆ ಈ ಮನೆಯಲ್ಲಿ ದುಃಖದಿಂದ ಸತ್ತ ಒಂದೇ ಒಂದು ಪ್ರಾಣಿಯೂ ಒಲೆ ಏರಕೂಡದು!”

ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಲಗೈ ಮೇಲೆತ್ತಿ ನಾನು ಈ ಘೋರ ಪ್ರತಿಜ್ಞೆ ಮಾಡಿದಾಗ ನನಗೆ ಮೂವತ್ತೊಂದು ವರ್ಷ. ಮದುವೆಯಾಗಿ ಎರಡು ವರ್ಷವಾಗಿತ್ತು. ಅಂದರೆ ಬುದ್ಧಿ ಇನ್ನೂ ಬಂದಿರಲಿಲ್ಲ. ಬಂದುಬಿಟ್ಟಿದೆ ಎಂಬ ಭ್ರಮೆ ಮಾತ್ರ ಗಟ್ಟಿಯಾಗಿ ಬಂದು ಕೂತಿತ್ತು.

ನನ್ನ ಹೆಂಡತಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ಸಂತೋಷದಿಂದ ಸತ್ತಿದ್ದು ಎಲ್ಲಿ ಸಿಗುತ್ತಂತೆ?”

“ಸಂತೋಷದಿಂದ ಬದುಕಿದ್ದು ಅಂತ ಇಟ್ಕೋ.”

“ಇಟ್ಕೊಂಡೆ. ಈಗ ಆ ಪೊಟ್ಟಣ ಈ ಕಡೆ ಕೊಡಿ. ಒಲೆ ಸುಮ್ಮನೆ ಉರೀತಿದೆ.”

ಆ ಪೊಟ್ಟಣದ ವಿಷಯ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ನನ್ನ ಮಾವನವರದು ಮಾಂಸದಂಗಡಿ. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಕ್ಷೌರದಂಗಡಿಯ ಪಕ್ಕದಲ್ಲಿ, ನೀಲಿ ಬಾಗಿಲಿನ ಸಣ್ಣ ಕೋಣೆ. ವಾರಕ್ಕೆ ಒಂದೇ ದಿನ, ಭಾನುವಾರ, ತೆರೆಯುತ್ತಿದ್ದರು. ಎರಡೇ ಕುರಿ. ಮುಗಿಯಿತೋ, ಬಾಗಿಲು ಹಾಕಿ, ಮರದ ದಿಮ್ಮಿಯನ್ನು ಉಪ್ಪು ಹಾಕಿ ಬಿಸಿನೀರಲ್ಲಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಸಣಕಲು ಮೈ, ಮೆಲುದನಿ, ಕಿವಿಗೆ ದಾರ ಕಟ್ಟಿದ ಕನ್ನಡಕ. ಅವರನ್ನು ನೋಡಿದವರು ಲೈಬ್ರರಿಯಲ್ಲಿ ಪುಸ್ತಕ ಕೊಡುವವರು ಅಂದುಕೊಳ್ಳಬೇಕು, ಹಾಗಿದ್ದರು. ನಾನು ನೀರು ಸರಬರಾಜು ಆಫೀಸಿನ ಗುಮಾಸ್ತ. ಅವರು ಕುರಿಯನ್ನು ಕೊಯ್ಯುತ್ತಿದ್ದರು, ನಾನು ಜನರನ್ನು ಕೊರೆಯುತ್ತಿದ್ದೆ. ನೋವು ಯಾರಿಂದ ಹೆಚ್ಚಾಗುತ್ತಿತ್ತೆಂದು ನನ್ನ ಜೊತೆ ಕೆಲಸ ಮಾಡಿದವರನ್ನು ಕೇಳಬೇಕು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಮಾವನ ಬಟ್ಟೆಚೀಲ ನಮ್ಮ ಮನೆಗೆ ಬರುತ್ತಿತ್ತು. ಒಳಗೆ ಹಳೇ ಪತ್ರಿಕೆಯಲ್ಲಿ ಸುತ್ತಿದ ಮಾಂಸ. ಆ ಕಾಲದಲ್ಲಿ ನಾನು ಲೋಕದ ಸುದ್ದಿ ಓದುತ್ತಿದ್ದದ್ದೇ ಆ ಪೊಟ್ಟಣದಲ್ಲಿ. ಆ ಭಾನುವಾರ ಬಿಚ್ಚಿ ನೋಡಿದರೆ ಒಂದು ಲೇಖನ! ಪ್ರಾಣಿಗಳನ್ನು ಹೇಗೆ ಒತ್ತೊತ್ತಾಗಿ ತುಂಬುತ್ತಾರೆ, ಹೇಗೆ ನೀರಿಲ್ಲದೆ ಲಾರಿಯಲ್ಲಿ ಸಾಗಿಸುತ್ತಾರೆ, ತಿನ್ನುವವನಿಗೂ ಈ ಪಾಪದಲ್ಲಿ ಪಾಲಿದೆಯೇ ಎಂದೆಲ್ಲ. ಓದುತ್ತಾ ನನ್ನ ಕಣ್ಣು ತುಂಬಿತು (ಈರುಳ್ಳಿಯ ಪಾತ್ರವೂ ಇತ್ತು). ಪರಿಹಾರವೇನು ಎಂಬಲ್ಲಿಗೆ ಕಾಗದ ಹರಿದಿತ್ತು. ಲೇಖನದ ಉಳಿದರ್ಧ ಬೇರೆ ಯಾರದೋ ಮನೆಗೆ ಮಾಂಸದ ಜೊತೆ ಹೋಗಿತ್ತು! ಹಾಗಾಗಿ ಪರಿಹಾರವನ್ನು ನಾನೇ ಕಂಡುಹಿಡಿಯಬೇಕಾಯಿತು. ಅನಾಹುತ ಶುರುವಾದದ್ದು ಅಲ್ಲಿಂದಲೇ.

“ನಿಮ್ಮಪ್ಪನ ಮೇಲೆ ನನಗೆ ಅಪನಂಬಿಕೆ ಇಲ್ಲ,” ಎಂದೆ ಊಟ ಮುಗಿಸಿ, ಕೈ ತೊಳೆಯುತ್ತಾ. “ಆದರೆ ಆಧಾರ ಬೇಕಲ್ಲ?”

“ಎರಡು ಸಲ ಬಡಿಸಿಕೊಂಡು ತಿಂದಿರಲ್ಲ, ಆಗ ಬೇಕಿರಲಿಲ್ವಾ ಆಧಾರ?”

ಗುಮಾಸ್ತನಿಗೆ ಆಧಾರ ಎಂದರೆ ನಮೂನೆ. ಸೋಮವಾರ ಆಫೀಸಿನಲ್ಲಿ ಕೂತು ಇಪ್ಪತ್ತೆರಡು ಪ್ರಶ್ನೆಗಳ ಪಟ್ಟಿಯೊಂದನ್ನು ಟೈಪು ಮಾಡಿದೆ, ಕಾರ್ಬನ್ ಪ್ರತಿಯನ್ನೂ ತೆಗೆದೆ. ಕುರಿಯ ವಯಸ್ಸು. ವಾಸಸ್ಥಳ. ದಿನಕ್ಕೆ ಎಷ್ಟು ಗಂಟೆ ಬಯಲಲ್ಲಿತ್ತು. ಪ್ರಯಾಣದ ವಿಧಾನ. ಹದಿನೇಳನೆಯದಂತೂ ನನ್ನ ವೃತ್ತಿಜೀವನದ ಶಿಖರ: ‘ಕುರಿಯ ಮನಃಸ್ಥಿತಿ: ಸಂತೋಷ / ಸಾಧಾರಣ / ದುಃಖ (ಅನ್ವಯಿಸದ್ದನ್ನು ಹೊಡೆದುಹಾಕಿ).’

ಖಾಲಿ ಬಟ್ಟೆಚೀಲವನ್ನು ಮಾವನಿಗೆ ವಾಪಸು ಕಳಿಸುವುದು ಮಂಗಳವಾರದ ವಾಡಿಕೆ. ಹೆಂಡತಿಗೆ ಗೊತ್ತಾಗದಂತೆ ಪಟ್ಟಿಯನ್ನು ಅದರೊಳಗೆ ಸೇರಿಸಿದೆ.

ಮಾವನಿಗೆ ಓದು ಬರುತ್ತಿತ್ತು. ಆದರೆ ಅವತ್ತು ಕನ್ನಡಕ ಮನೆಯಲ್ಲಿತ್ತು. ಅಳಿಯ ಟೈಪು ಹೊಡೆದು ಕಳಿಸಿದ್ದಾನೆಂದರೆ ಏನೋ ಸರ್ಕಾರಿ ವಿಷಯವೇ ಇರಬೇಕೆಂದು ಪಕ್ಕದ ಕ್ಷೌರದಂಗಡಿಯವರ ಕೈಗೆ ಕೊಟ್ಟರು. ಆ ಪುಣ್ಯಾತ್ಮರ ಗಂಟಲು ಬೀದಿಯ ಎರಡೂ ತುದಿಗೆ ಕೇಳುವಂಥದ್ದು! ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ, ಬೆಂಚಿನ ಮೇಲೆ ನಾಲ್ವರು, ಬಾಗಿಲಲ್ಲಿ ಮಾವ. ಒಂದರಿಂದ ಇಪ್ಪತ್ತೆರಡರವರೆಗೆ, ಕೈಯಲ್ಲಿ ಕತ್ತಿ ಹಿಡಿದೇ ಓದಿದರಂತೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮಾವ ಮಾತ್ರ ನಗದೆ ಕೇಳಿದರಂತೆ:

“ಆ ಹದಿನೇಳನೆಯದು ಇನ್ನೊಂದು ಸಲ ಓದಿ. ಏನನ್ನ ಹೊಡೆದುಹಾಕಬೇಕಂತೆ? ನಾನು ಹೊಡೆಯೋನಲ್ಲ ಅಂತ ಅವರಿಗೆ ಹೇಳಿ.”

ಸುದ್ದಿ ನನಗಿಂತ ಮೊದಲು ಮನೆ ತಲುಪಿತ್ತು. ಸಂಜೆ ಬಾಗಿಲು ತೆರೆದ ಹೆಂಡತಿಯ ಮುಖ ನೋಡಿಯೇ ನನ್ನ ಮನಃಸ್ಥಿತಿಯಲ್ಲಿ ಸಂತೋಷ ಮತ್ತು ಸಾಧಾರಣ ಎರಡೂ ಹೊಡೆದುಹೋದವು.

“ನಮ್ಮಪ್ಪ ಏನು ಕೆಲಸ ಮಾಡ್ತಾರೆ ಅಂತ ಗೊತ್ತಿದ್ದೇ ತಾನೇ ಮದುವೆ ಆದದ್ದು?”

“ನಾನು ಎಲ್ಲಿ ಅವರನ್ನ...”

“ಕಟುಕ ಅನ್ನೋದಕ್ಕೆ ನಿಘಂಟಿನಲ್ಲಿ ಎರಡು ಅರ್ಥ ಇದೆ ರೀ. ನಮ್ಮಪ್ಪ ಮೊದಲನೇದು. ನೀವು ಎರಡನೇದು!”

ಅದಾದ ಮೇಲೆ ಐದು ದಿನ ಮಾತಿಲ್ಲ. ಪಾತ್ರೆಗಳೇ ಅವಳ ಪರವಾಗಿ ಮಾತಾಡಿದವು, ಅದೂ ಏರುದನಿಯಲ್ಲಿ. ಭಾನುವಾರ ಹತ್ತಾಯಿತು, ಹನ್ನೊಂದಾಯಿತು. ಚೀಲ ಬರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ! ಆ ಖಾಲಿ ಬಾಗಿಲು ನೋಡಿ ನನಗೆ ಒಳಗೊಳಗೇ ಚುಚ್ಚಿತು. ಆದರೆ ತತ್ವನಿಷ್ಠನಾದವನು ಚುಚ್ಚಿದ್ದನ್ನು ತೋರಿಸಬಾರದು. ಅಂಗಿ ಏರಿಸಿಕೊಂಡು ಹೊಸದಾಗಿ ತೆರೆದಿದ್ದ ಗಾಜಿನ ಬಾಗಿಲಿನ ಮಾಂಸದಂಗಡಿಗೆ ಹೊರಟೆ. ದಾರಿಯಲ್ಲಿ ಮಾವ–ಅತ್ತೆಯರನ್ನು ಊಟಕ್ಕೂ ಕರೆದೆ. ನಿಜವಾದ ದಯೆ ಎಂದರೇನು ಎಂದು ಅವರೂ ಒಮ್ಮೆ ರುಚಿ ನೋಡಲಿ ಎಂಬ ದೊಡ್ಡ ಮನಸ್ಸು!

ಆ ಅಂಗಡಿಯೋ, ಆಸ್ಪತ್ರೆಯ ಹಾಗಿತ್ತು. ಡಾಕ್ಟರರಂತೆ ಬಿಳಿ ಕೋಟು ತೊಟ್ಟವನು ನಕ್ಕ. ಗೋಡೆಯ ಮೇಲೆ ಹಸಿರು ಗುಡ್ಡದಲ್ಲಿ ನಿಂತ ಕುರಿಯ ದೊಡ್ಡ ಚಿತ್ರ, ಅದೂ ನಗುತ್ತಿತ್ತು.

“ಪ್ರೀತಿಯಿಂದ ಸಾಕಿದ್ದು ಸಾರ್,” ಎಂದ ಕೋಟಿನವನು.

ಬೆಲೆ ಕೇಳಿದೆ. ಮಾವನ ಅಂಗಡಿಗಿಂತ ಮೂರು ಪಟ್ಟು. ತೂಕಕ್ಕೆ ಪ್ರೀತಿಯನ್ನೂ ಹಾಕಿದ್ದರೆಂದು ಕಾಣುತ್ತದೆ. ಆ ತಿಂಗಳು ಹೊಲಿಸಬೇಕೆಂದಿದ್ದ ಪ್ಯಾಂಟಿನ ಆಸೆಯನ್ನು ಅಲ್ಲೇ ಬಿಟ್ಟು, ಅಂಗೈಯಗಲದ ಪೊಟ್ಟಣವೊಂದನ್ನು ತಂದೆ. ಪಂಕ್ತಿಯಲ್ಲಿ ನಾಲ್ವರು ಕೂತರೆ ತಲೆಗೆ ಎರಡೂವರೆ ತುಂಡು!

ಮಾವ ಬಂದವರೇ ಚಪ್ಪಲಿ ಕಳಚಿ, ಕೈ ತೊಳೆದು, ಅಡುಗೆಮನೆಗೆ ಹೋದರು. ಪಟ್ಟಿಯ ಮಾತೇ ಎತ್ತಲಿಲ್ಲ. ಮಗಳು ಪೊಟ್ಟಣ ಬಿಚ್ಚಿ ತಟ್ಟೆಯಲ್ಲಿಟ್ಟಳು. ಮಾವ ಹೆಬ್ಬೆರಳಿಂದ ಮೆತ್ತಗೆ ಒತ್ತಿದರು. ತಿರುಗಿಸಿದರು. ಇನ್ನೊಮ್ಮೆ ಒತ್ತಿದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ.

“ಅಳಿಯಂದ್ರೇ, ಇದು ಹೆದರಿಕೊಂಡು ಸತ್ತಿದೆ.”

“ಅದ್ಹೇಗೆ ಮಾವ! ನಗ್ತಿರೋ ಚಿತ್ರ ಇತ್ತು!”

“ನಕ್ಕಿದ್ದು ಬೇರೆ ಕುರಿ ಇರಬೇಕು. ಬಣ್ಣ ನೋಡಿ, ಕಪ್ಪಾಗಿದೆ. ಮುಟ್ಟಿದರೆ ಅಂಟುತ್ತೆ. ದೂರದಿಂದ ತಂದಿದ್ದಾರೆ, ಸುಸ್ತು ಮಾಡಿಸಿದ್ದಾರೆ, ಸುಧಾರಿಸಿಕೊಳ್ಳೋಕೆ ಬಿಟ್ಟಿಲ್ಲ. ನಲವತ್ತು ವರ್ಷ ಮುಟ್ಟಿದ ಕೈ ಇದು. ಕಾಗದ ಸುಳ್ಳು ಹೇಳಬಹುದು, ಮಾಂಸಕ್ಕೆ ಹೇಳೋಕೆ ಬರಲ್ಲ.”

ನಾನು ಬಾಯಿ ತೆರೆಯುವುದರೊಳಗೆ ಹೆಂಡತಿ ಐದು ದಿನದ ಮೌನ ಮುರಿದು ನನ್ನತ್ತ ತಿರುಗಿ, “ಕಾರ್ಬನ್ ಪ್ರತಿ ತಗೊಂಡು ಬನ್ನಿ, ಅಂಗಡಿಯವನಿಗೆ ಕೊಟ್ಟು ಬರೋಣ,” ಎಂದಳು.

ಊಟ ಮುಗಿದ ಮೇಲೆ ಮಾವ ಹೊರಡುತ್ತಾ ಹೇಳಿದರು: “ಶುಕ್ರವಾರ ಕುರಿ ತರೋಕೆ ಹೋಗ್ತೀನಿ. ಬಿಡುವಿದ್ರೆ ಬನ್ನಿ. ಕೇಳಿದ್ದೆಲ್ಲ ಕಣ್ಣಾರೆ ನೋಡಬಹುದು.”

ಬರುವುದಿಲ್ಲ ಎನ್ನಲು ಹೆಂಡತಿಯ ಕಣ್ಣು ಬಿಡಲಿಲ್ಲ. ಹಲ್ಲುನೋವು ಎಂದು ಆಫೀಸಿಗೆ ಒಂದು ದಿನದ ರಜೆ ಚೀಟಿ ಬರೆದುಕೊಟ್ಟೆ.

ಶುಕ್ರವಾರ ಮೊದಲ ಬಸ್ಸಿನಲ್ಲಿ ಊರಾಚೆಗೆ, ಮನೆಯಿಂದ ಐದು ಮೈಲಿ ಹೋಗಿ ಇಳಿದೆವು. ಬಿಸಿಲಿಗಿರಲಿ ಎಂದು ಹೆಂಡತಿ ಕೈಗೆ ಕೊಟ್ಟಿದ್ದ ಛತ್ರಿಯನ್ನು ಬೀಸಿಕೊಂಡು, ಪಾಲಿಶ್ ಮಾಡಿದ ಬೂಟು ಹಾಕಿಕೊಂಡು, ಕೇಂದ್ರ ತನಿಖಾ ತಂಡದಂತೆ ನಡೆದೆ. ತಂತಿಬೇಲಿಯ ಹಿಂದೆ ಹುಲ್ಲುಗಾವಲು, ಹತ್ತಿಪ್ಪತ್ತು ಕುರಿಗಳು, ನಡುವೆ ಒಬ್ಬ ಮುದುಕಿ. ಮಾವನ ಮನೆಯಲ್ಲಿ ಅವರಿಗೆ ‘ಕುರಿಯಜ್ಜಿ’ ಎಂದೇ ಹೆಸರು. ಮಾವ ಮೂವತ್ತು ವರ್ಷದಿಂದ ಕುರಿ ಕೊಳ್ಳುತ್ತಿದ್ದದ್ದು ಅವರೊಬ್ಬರಿಂದಲೇ.

“ಇವರ್ಯಾರು?” ಎಂದರು ಅಜ್ಜಿ, ನನ್ನ ಬೂಟಿನಿಂದ ಶುರುಮಾಡಿ ಮೇಲಕ್ಕೆ ನೋಡುತ್ತಾ.

“ನಮ್ಮ ಅಳಿಯ. ಕುರಿಗಳು ಸುಖವಾಗಿವೆಯಾ ಅಂತ ವಿಚಾರಿಸೋಕೆ ಬಂದಿದ್ದಾರೆ.”

“ಹೌದಾ? ಮಗಳು ಸುಖವಾಗಿದಾಳಾ?”

ಮಾವ ಕೆಮ್ಮಿದರು. ನಾನೂ ಕೆಮ್ಮಿದೆ. ಒಂದು ಕುರಿಯೂ ಕೆಮ್ಮಿತು.

ನಾನು ತನಿಖೆ ಮಾಡುವುದು ಏನೂ ಉಳಿದಿರಲಿಲ್ಲ. ಕುರಿಗಳು ಅಜ್ಜಿಯ ಸೆರಗು ಎಳೆಯುತ್ತಿದ್ದವು. ಮರಿಗಳು ತಾಯಿಯ ಜೊತೆಯಲ್ಲೇ ಇದ್ದವು. ಬೇಗ ಮಾರಿದರೆ ಲಾಭ, ಆದರೆ ಪೂರ್ತಿ ಬೆಳೆಯುವವರೆಗೆ ಅಜ್ಜಿ ಮಾರುತ್ತಿರಲಿಲ್ಲ. ಅದಕ್ಕೆ ಅವರದು ಬೆಲೆ ಜಾಸ್ತಿ. ಅದಕ್ಕೇ ಮಾವನದೂ ಸಂತೆಯ ಬೆಲೆಗಿಂತ ಸ್ವಲ್ಪ ಜಾಸ್ತಿ. ಆ ‘ಸ್ವಲ್ಪ’ವನ್ನು ನಾನು ಎರಡು ವರ್ಷ ಮಾವನ ಜಿಪುಣತನ ಎಂದುಕೊಂಡಿದ್ದೆ!

ಮಾವ ಹಣ ಕೊಟ್ಟರು. ಅಜ್ಜಿ ಎರಡು ಕುರಿಗಳ ಹಣೆಯನ್ನು ಒಂದೊಂದಾಗಿ ಸವರಿ, ಸರಕ್ಕನೆ ತಿರುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

“ಹೋಗೋದನ್ನ ನೋಡಲ್ಲ ಅವರು,” ಎಂದರು ಮಾವ. “ಯಾವತ್ತೂ ನೋಡಿಲ್ಲ.”

ಲಾರಿ ಎಲ್ಲಿ ಎಂದೆ. ಲಾರಿ ಇಲ್ಲ, ನಡೆದೇ ಹೋಗುವುದು ಎಂದರು. ಐದು ಮೈಲಿ! ಒಂದು ಕುರಿಯ ಹಗ್ಗ ತಾವು ಹಿಡಿದು, ಇನ್ನೊಂದನ್ನು ನನ್ನ ಕೈಗಿಟ್ಟರು.

“ಹಗ್ಗ ಬಿಗಿಯಾಗಬಾರದು. ಎಳೀಬೇಡಿ. ಗದರಬೇಡಿ. ಅದು ನಡೆದಷ್ಟೇ ನಡೀರಿ.”

ಮೊದಲ ಮೈಲಿ ನಾನು ಸ್ವರ್ಗಕ್ಕೆ ಮೂರು ಗೇಣಿನಲ್ಲಿದ್ದೆ. ಲೋಕದ ಸಕಲ ಪ್ರಾಣಿಗಳೂ ಮನಸ್ಸಿನಲ್ಲೇ ನನಗೆ ಹಾರ ಹಾಕುತ್ತಿದ್ದವು. ಎರಡನೇ ಮೈಲಿಯಲ್ಲಿ ಬೂಟು ಕಚ್ಚಿತು. ಆದರೂ ಬಾಯಿ ಸುಮ್ಮನಿರಲಿಲ್ಲ. ಪ್ರಾಣಿದಯೆಯ ಬಗ್ಗೆ ಮಾವನಿಗೇ ಉಪನ್ಯಾಸ ಶುರುಮಾಡಿದೆ. ಮಾವ ‘ಹೂಂ’ ಎನ್ನುತ್ತಾ ತಮ್ಮ ಕುರಿಯ ಕಾಲು ನೋಡಿಕೊಂಡು ನಡೆಯುತ್ತಿದ್ದರು.

“ಮಾವ, ಇಷ್ಟೆಲ್ಲ ಕಷ್ಟಪಡ್ತೀರಲ್ಲ, ಒಂದು ಬೋರ್ಡು ಹಾಕಿ ನೀವೂ ಮೂರು ಪಟ್ಟು ಬೆಲೆ ಇಡಬಾರದಾ?”

“ಇಟ್ಟರೆ ನಮ್ಮ ಬೀದಿಯವರು ಏನು ತಿನ್ನಬೇಕು? ಕುರಿಗೆ ದಯೆ ತೋರಿಸಿ ಮನುಷ್ಯರ ಕತ್ತು ಕೊಯ್ಯೋದಾ?”

ಇದು ಕಿವಿಗೆ ಬೀಳದವನಂತೆ ಉಪನ್ಯಾಸ ಮುಂದುವರಿಸುತ್ತಾ ಮೂರನೇ ಮೈಲಿ ಮುಗಿಸಿದೆ. ಊರಿನ ದೊಡ್ಡ ಸರ್ಕಲ್ಲು ಬಂತು. ಮಾವ ತಮ್ಮ ಕುರಿಯೊಂದಿಗೆ ಸರಾಗವಾಗಿ ರಸ್ತೆ ದಾಟಿದರು. ನಾನು ನಡುರಸ್ತೆಗೆ ಬಂದೆ. ನನ್ನ ಕುರಿ ಅಲ್ಲೇ ಕೂತುಬಿಟ್ಟಿತು!

ಸಾಮಾನ್ಯ ಕೂರುವಿಕೆ ಅಲ್ಲ ಅದು. ಸಿಂಹಾಸನಾರೋಹಣ! ಎಡಕ್ಕೆ ಬಸ್ಸು, ಬಲಕ್ಕೆ ಇಟ್ಟಿಗೆ ಲಾರಿ, ಹಿಂದೆ ಹಾರ್ನುಗಳ ಮೇಳ. ಟ್ರಾಫಿಕ್ ಪೊಲೀಸರು ಸೀಟಿ ಊದುತ್ತಾ ಓಡಿ ಬಂದರು.

“ಯಾರ್ರೀ ಇದರ ಮಾಲೀಕರು?”

“ನಾನಲ್ಲ ಸಾರ್.”

“ಹಗ್ಗ ನಿಮ್ಮ ಕೈಲಿದೆ!”

“ಅದು... ತಾತ್ಕಾಲಿಕವಾಗಿ.”

ಅಷ್ಟರಲ್ಲಿ ಬಸ್ಸಿನ ಹಿಂದಿನಿಂದ ಒಂದು ಸ್ಕೂಟರು ಇಣುಕಿತು. ಅದರ ಮೇಲೆ ಸಾಕ್ಷಾತ್ ನಮ್ಮ ಆಫೀಸಿನ ಸಾಹೇಬರು! ನನ್ನನ್ನು ನೋಡಿದರು. ಕುರಿಯನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು.

“ಹಲ್ಲುನೋವು ಅಂತ ರಜೆ ಬರೆದಿದ್ರಿ?”

“ಹೌದು ಸಾರ್.”

“ಇದರ ಹಲ್ಲೇನ್ರೀ?”

ಬಸ್ಸಿನ ಕಿಟಕಿಗಳೆಲ್ಲ ನಕ್ಕವು. ನನ್ನ ತಲೆಗೆ ರಕ್ತ ಏರಿತು. ಹಗ್ಗವನ್ನು ಎಳೆದೆ. ಕುರಿ ಕದಲಲಿಲ್ಲ. ಎರಡೂ ಕೈಯಿಂದ ಜಗ್ಗಿದೆ. ಅದರ ಕತ್ತು ಉದ್ದವಾಯಿತು, ಕಣ್ಣು ದೊಡ್ಡದಾಯಿತು. “ಏಳೇ! ಏಳು ಅಂದೆ!” ಎಂದು ಕಿರುಚಿದೆ. ಆಗಲೂ ಏಳಲಿಲ್ಲ. ಆಮೇಲೆ ನಾನು ಮಾಡಿದ್ದನ್ನು ಇವತ್ತು ಬರೆಯುವಾಗಲೂ ಕೈ ಹಿಂಜರಿಯುತ್ತದೆ. ಹದಿನೇಳನೇ ಪ್ರಶ್ನೆಯನ್ನು ಬರೆದ ಮಹಾನುಭಾವನಾದ ನಾನು ಛತ್ರಿಯನ್ನು ತಲೆಯ ಮೇಲಕ್ಕೆ ಎತ್ತಿದೆ. ಹೊಡೆಯಲು.

ಕುರಿ ಓಡಲಿಲ್ಲ. ನನ್ನನ್ನೇ ನೋಡಿತು, ಅಷ್ಟೇ. ಯಾರೂ ಅದಕ್ಕೆ ಹೊಡೆದೇ ಇರಲಿಲ್ಲವಲ್ಲ. ಎತ್ತಿದ ಕೋಲು ಎಂದರೇನೆಂದು ಅದಕ್ಕೆ ಗೊತ್ತೇ ಇರಲಿಲ್ಲ.

“ಅಳಿಯಂದ್ರೇ, ಛತ್ರಿ ಕೊಡಿ.”

ಮಾವ ತಮ್ಮ ಕುರಿಯನ್ನು ಆಚೆ ದೀಪದ ಕಂಬಕ್ಕೆ ಕಟ್ಟಿ ಬಂದಿದ್ದರು. ಬೈಯಲಿಲ್ಲ, ಮುಖ ಗಂಟಿಕ್ಕಲಿಲ್ಲ. ಛತ್ರಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬಿಚ್ಚಿ, ಕುರಿಗೆ ನೆರಳಾಗುವಂತೆ ಹಿಡಿದು ಮತ್ತೆ ನನ್ನ ಕೈಗೇ ಕೊಟ್ಟರು. “ಹೀಗೇ ಹಿಡ್ಕೊಂಡಿರಿ.” ಆಮೇಲೆ ನಡುರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಕುರಿಯ ಮುಂಗಾಲನ್ನು ತೊಡೆಯ ಮೇಲೆ ಎತ್ತಿಕೊಂಡು, ಗೊರಸಿನ ಸಂದಿಯಿಂದ ಏನನ್ನೋ ಮೆಲ್ಲನೆ ಕಿತ್ತರು. ಚೂಪಾದ ಕಲ್ಲಿನ ಚೂರು. ಅದರ ತುದಿಯಲ್ಲಿ ರಕ್ತ.

“ಅರ್ಧ ಮೈಲಿಯಿಂದ ಕುಂಟ್ತಿತ್ತು ಅನ್ಸುತ್ತೆ. ನೀವು ನೋಡಲಿಲ್ವಾ?”

ಎಲ್ಲಿಂದ ನೋಡುವುದು? ನಾನು ಪ್ರಾಣಿದಯೆಯ ಬಗ್ಗೆ ಮಾತಾಡುತ್ತಿದ್ದೆನಲ್ಲ!

ಪೊಲೀಸರು ಸೀಟಿಯನ್ನು ಬಾಯಿಂದ ತೆಗೆದರು. ಬಸ್ಸಿಗೆ ಕೈ ತೋರಿಸಿ ಸುತ್ತು ದಾರಿಗೆ ತಿರುಗಿಸಿದರು. ಸಾಹೇಬರು ಸ್ಕೂಟರನ್ನು ಪಕ್ಕಕ್ಕೆ ನಿಲ್ಲಿಸಿ, ತಮ್ಮ ನೀರಿನ ಬಾಟಲಿ ತಂದು ಮಾವನ ಕೈಗೆ ಕೊಟ್ಟರು. ಮಾವ ಬೊಗಸೆಯಲ್ಲಿ ನೀರು ಹಿಡಿದರು, ಕುರಿ ಕುಡಿಯಿತು. ಆ ಸರ್ಕಲ್ಲಿನಲ್ಲಿ, ಜೀವನದಲ್ಲಿ ಮೊದಲ ಸಲ, ನಾನು ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ನಿಂತೆ. ಒಂದು ಛತ್ರಿ, ಅದರ ಕೆಳಗೆ ಒಂದು ಕುರಿ, ಅದನ್ನು ಹಿಡಿದು ನಿಂತದ್ದು ಇನ್ನೊಂದು ಕುರಿ.

ಉಳಿದ ಎರಡು ಮೈಲಿಯೂ ನನ್ನ ಕಣ್ಣು ಅದರ ಕಾಲಿನ ಮೇಲೇ ಇತ್ತು. ಮಾವನ ಹಿತ್ತಲಲ್ಲಿ ನೆರಳಿತ್ತು, ಬಾನಿಯಲ್ಲಿ ನೀರಿತ್ತು. ಶನಿವಾರವಿಡೀ ಅವು ಅಲ್ಲಿ ಸುಧಾರಿಸಿಕೊಳ್ಳಬೇಕು. ದಾರಿಯ ಗಾಬರಿಯೆಲ್ಲ ಇಳಿಯಬೇಕು. ಒಂದು ಇನ್ನೊಂದನ್ನು ನೋಡದಂತೆ ಕೆಲಸ ಮುಗಿಯಬೇಕು. ಇದೆಲ್ಲ ಮಾವ ತಮಗೆ ತಾವೇ ಹಾಕಿಕೊಂಡ ಕಾನೂನು. ಯಾರೂ ಕೇಳಿರಲಿಲ್ಲ, ಯಾವ ನಮೂನೆಯಲ್ಲೂ ಅದಕ್ಕೆ ಜಾಗವಿರಲಿಲ್ಲ.

“ಮಾವ, ಆ ಪ್ರಶ್ನೆಗಳದ್ದು... ತಪ್ಪಾಯ್ತು.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಪ್ರಶ್ನೆ ಚೆನ್ನಾಗೇ ಇದ್ವು. ನಲವತ್ತು ವರ್ಷದಲ್ಲಿ ನೀವೊಬ್ಬರೇ ಕೇಳಿದ್ದು. ಮಿಕ್ಕವರೆಲ್ಲ ಬೆಲೆ ಕೇಳ್ತಾರೆ, ಎಲುಬು ಕಡಿಮೆ ಹಾಕಿ ಅಂತಾರೆ. ಆದ್ರೆ ಕಾಗದದಲ್ಲಿ ಕೇಳಿದ್ರಲ್ಲ, ಅದೊಂದೇ ತಪ್ಪು. ಎರಡು ಬೀದಿ ನಡೆದು ಬಂದಿದ್ರೆ ಟೀ ಕುಡಿದುಕೊಂಡು ಹೇಳ್ತಿದ್ದೆ.”

ಭಾನುವಾರ ಹತ್ತಕ್ಕೆ ಸರಿಯಾಗಿ ಚೀಲ ಬಂತು. ಹೆಂಡತಿ ಬಡಿಸಿದಳು. ಘಮ ಮನೆಯೆಲ್ಲ ತುಂಬಿತ್ತು. ನಾನು ತಟ್ಟೆ ನೋಡುತ್ತಾ ಕೂತೆ.

“ಯಾಕ್ರೀ, ಕೈ ಓಡ್ತಿಲ್ಲ?”

“ಇದರ... ಪರಿಚಯ ಇದೆ ಕಣೇ.”

“ಪರಿಚಯ ಇರೋದನ್ನ ಮಾತ್ರ ತಿನ್ನೋದು ಅಂತ ತಾನೇ ನಿಮ್ಮ ಪ್ರತಿಜ್ಞೆ?”

ಆ ಊಟ ನನ್ನಿಂದಾಗಲಿಲ್ಲ. ಸಂಜೆ ಮಾವನ ಹತ್ತಿರ ಹೇಳಿಕೊಂಡರೆ, ಅವರು ಮೆಲ್ಲಗೆ, “ನಾನೂ ಅಷ್ಟೇ. ನಡೆಸಿಕೊಂಡು ಬಂದಿದ್ದನ್ನ ಆ ವಾರ ತಿನ್ನಲ್ಲ,” ಎಂದರು. ಅದನ್ನು ತಮ್ಮ ಮಗಳಿಗೂ ಹೇಳಿರಲಿಲ್ಲವಂತೆ.

ಪೂರ್ತಿ ಬಿಡುವಷ್ಟು ದೊಡ್ಡವನೂ ನಾನಾಗಲಿಲ್ಲ. ತಿಂಗಳಿಗೊಮ್ಮೆ, ಸ್ವಲ್ಪ, ಅದೂ ಗೌರವದಿಂದ ಎಂಬ ಒಪ್ಪಂದಕ್ಕೆ ಬಂದೆ. ಆದರೆ ಆಮೇಲಿನ ಆರು ವರ್ಷ, ರಜೆ ಸಿಕ್ಕ ಶುಕ್ರವಾರಗಳಂದು ಮಾವನ ಜೊತೆ ಹೋಗುವುದನ್ನು ಬಿಡಲಿಲ್ಲ. ಸಾಹೇಬರು ರಜೆ ಚೀಟಿಯಲ್ಲಿ ಕಾರಣದ ಜಾಗ ನೋಡಿ, “ಕುರಿ ಅಂತಲೇ ಬರೀರಿ, ಪರವಾಗಿಲ್ಲ,” ಎನ್ನುತ್ತಿದ್ದರು. ಬೂಟು ಬಿಟ್ಟು ಚಪ್ಪಲಿಗೆ ಬಂದೆ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಎಳೆಬಿಸಿಲು, ಸಡಿಲವಾದ ಎರಡು ಹಗ್ಗ, ಎಂಟು ಗೊರಸುಗಳ ಟಕಟಕ. ಬದುಕಿನಲ್ಲಿ ನಾನು ಅಷ್ಟು ನಿಧಾನವಾಗಿ, ಅಷ್ಟು ನೆಮ್ಮದಿಯಾಗಿ ಬೇರೆಲ್ಲೂ ನಡೆದಿಲ್ಲ.

ಈಗ ಅಜ್ಜಿಯ ಹುಲ್ಲುಗಾವಲಿನಲ್ಲಿ ಗೋದಾಮು ಎದ್ದಿದೆ. ನೀಲಿ ಬಾಗಿಲಿನ ಅಂಗಡಿಯಲ್ಲಿ ಮೊಬೈಲು ರಿಪೇರಿ ಮಾಡುತ್ತಾರೆ. ಮಾವ ಹೋಗಿ ಹದಿನಾಲ್ಕು ವರ್ಷವಾಯಿತು. ಎಂದಾದರೊಮ್ಮೆ ಮಾಂಸ ತರಲು ಹೋದಾಗ, ಎಲ್ಲಿಂದ ಬಂತು, ಹೇಗೆ ಬಂತು ಎಂದು ಕೇಳುತ್ತೇನೆ. “ಲೇಬಲ್ ಓದಿ ಸಾರ್,” ಎನ್ನುತ್ತಾರೆ. ಒತ್ತಿ ನೋಡೋಣವೆಂದರೆ ಪ್ಲಾಸ್ಟಿಕ್ಕಿನ ಮೇಲಿಂದ ನನ್ನ ಹೆಬ್ಬೆರಳಿಗೆ ಏನೂ ತಿಳಿಯುವುದಿಲ್ಲ. ಬರಿಗೈಯಲ್ಲಿ ವಾಪಸು ಬರುತ್ತೇನೆ.

ಮೊನ್ನೆಯೂ ಹಾಗೇ ಬಂದು ಕೂತು, ಸರ್ಕಲ್ಲಿನ ಆ ದಿನ ನೆನೆದು ಹೆಂಡತಿಗೆ ಹೇಳಿದೆ: “ಎಂಥ ಮನುಷ್ಯ ನಿಮ್ಮಪ್ಪ! ಅಷ್ಟು ಜನರ ಮುಂದೆ ನನಗೊಂದು ಮಾತು ಅನ್ನಲಿಲ್ಲ ನೋಡು. ನನ್ನ ಮೇಲೆ ಅಷ್ಟು ಅಭಿಮಾನ ಅವರಿಗೆ.”

ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿ, ಬಾಯಿಗೆ ಸೆರಗು ಹಿಡಿದು ನಗತೊಡಗಿದಳು.

“ಇಷ್ಟು ವರ್ಷ ಹೇಳಿರಲಿಲ್ಲ, ನಿಮಗೆ ಬೇಜಾರಾಗುತ್ತೆ ಅಂತ. ಅವತ್ತು ನೀವು ಅತ್ತ ಹೋದ ಮೇಲೆ ಅಮ್ಮ ಅಪ್ಪನ್ನ ಕೇಳಿದ್ಲಂತೆ, ‘ಯಾಕಿಷ್ಟು ತಡ? ಕುರಿ ಹಟ ಮಾಡಿದ್ವಾ?’ ಅಂತ.”

“ಹೂಂ. ಮಾವ ಏನಂದ್ರು?”

“‘ಕುರಿಗಳು ಪಾಪ, ತಮ್ಮಷ್ಟಕ್ಕೆ ತಾವೇ ಬಂದ್ವು. ಅಳಿಯನ್ನ ಹೊಡೀದೆ ಕರ್ಕೊಂಡು ಬರೋ ಹೊತ್ತಿಗೆ ಸಾಕುಸಾಕಾಯ್ತು!’ ಅಂದ್ರಂತೆ.”